ಕುಂಕುಮ ಹಚ್ಚಿದ ತಂತಿ

ಮರುದಿನ ಅವ್ವನನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆಂದು ಆ ಭಾನುವಾರ ಮಧ್ಯಾಹ್ನ ಯಾರಿಗೂ ಗೊತ್ತಿರಲಿಲ್ಲ. ನನಗಾಗ ಹತ್ತು ವರ್ಷ. ಬೈರಿದೇವರಕೊಪ್ಪದ ಮನೆಯಲ್ಲಿ ಅಪ್ಪ ಹೋಮ್ ಥಿಯೇಟರಿನ ಪ್ಲಗ್ ಕಿತ್ತಿಟ್ಟು ನೆಲದ ಮೇಲೆ ಕುಳಿತಿದ್ದರು. ರೊಟ್ಟಿ ಬಡಿಯುವಾಗ ಹಾಡು ಕೇಳಬೇಕೆಂದು ಅವ್ವನಿಗೆ ಬಹಳ ದಿನದ ಆಸೆ. ಅದಕ್ಕೆಂದು ಅಡುಗೆಮನೆಗೆ ಇನ್ನೊಂದು ಸ್ಪೀಕರ್ ತಂದಿದ್ದರು.

ಬೆಳಗಿನಿಂದ ಸುಸ್ತೆಂದು ಅಡುಗೆಮನೆಯ ಬಾಗಿಲಿಗೆ ಒರಗಿದ್ದ ಅವ್ವ, "ಇದ್ದ ಸ್ಪೀಕರಿನ ತಂತಿಗೇ ಜೋಡಿಸಿಬಿಡ್ರಿ" ಎಂದಳು.

"ಹಂಗ ಮಾಡಿದ್ರ ಸೆಟ್ ಸುಡತೈತಿ. ಹಿಂದ ಬ್ಯಾರೆ ಕಿಂಡಿ ಅದಾವ, ತಡಿ."

ಹೊಸೆದ ತಂತಿಯ ಎರಡೂ ಎಳೆ ಬಿಳಿ. ಸೆಟ್ಟಿನಲ್ಲಿ ಕೆಂಪಿಗೆ ಹೋದ ಎಳೆಯೇ ಸ್ಪೀಕರಿನಲ್ಲೂ ಕೆಂಪಿಗೆ ಹೋಗಬೇಕು. ಯಾವುದು ಕೆಂಪು ಕಿಂಡಿಗೆ, ಯಾವುದು ಕಪ್ಪಿಗೆ ಎಂದು ಅಪ್ಪ ಎರಡು ಸಲ ತಪ್ಪಿದರು. ಅವ್ವ ಒಂದು ಎಳೆಯ ಗುಂಟ ಬೆರಳಾಡಿಸುತ್ತ ಹೋಗಿ, ಅದರ ಎರಡೂ ತುದಿಗೆ ಕುಂಕುಮ ಹಚ್ಚಿದಳು.

"ಇದು ಮುತ್ತೈದಿ ನೋಡ್ರಿ. ಕೆಂಪಿಗೆ ಇದನ್ನ ಹಾಕ್ರಿ."

ಅಪ್ಪ ನಗುತ್ತ ಜೋಡಿಸಿ, ಸ್ಪೀಕರನ್ನು ಅಡುಗೆಮನೆಯಲ್ಲಿಟ್ಟು ಬಂದರು. ಆಮೇಲೆ ಪ್ಲಗ್ ಹಾಕಿ, ಹಾಡು ಹಚ್ಚಿ ಕೂಗಿದರು: "ಕೇಳಸ್ತೈತೇನ?"

"ಕೇಳಸ್ತೈತ್ರಿ, ಒಂಚೂರು ಸಣ್ಣ ಮಾಡ್ರಿ" ಎಂದಳು ಅವ್ವ ಅಡುಗೆಮನೆಯಿಂದ.

ಅವ್ವ ಆಸ್ಪತ್ರೆಯಿಂದ ಮರಳಲಿಲ್ಲ.

ಇಂದು ಆ ಹಳೆಯ ಸೆಟ್ ಒರೆಸುವಾಗ ತಂತಿಯ ಕುಂಕುಮ ಬೆರಳಿಗೆ ಅಂಟಿತು. ಹಾಡು ಹಚ್ಚಿ ನೋಡಿದೆ. ಅಡುಗೆಮನೆಯ ಸ್ಪೀಕರ್ ಇನ್ನೂ ಹಾಡುತ್ತದೆ. ಸಣ್ಣ ಮಾಡ್ರಿ ಎನ್ನುವವರಿಲ್ಲ.