ಐದು ಗಂಟೆಯೊಳಗೆ

ಪರೀಕ್ಷೆಯ ಹಾಲ್‌ನ ಮೂರನೆಯ ಸಾಲಿನ ಕೊನೆಯಲ್ಲಿ ಸಿಗ್ನೆ ಎದುರಾದಾಗ ರೂಬೆನ್ ಪಿಸುಗುಟ್ಟಿದ, "ಕ್ಯಾಲಿಫೋರ್ನಿಯಾದವ್ರು ಇನ್ನೂ ಉಸಿರೇ ಎತ್ತಿಲ್ಲ. ಏನ್ ಮಾಡ್ಲಿ?"

"ಮೊದ್ಲು ಆ ಕಡೆ ನೋಡು. ಪೇಪರ್ ಬೇಕಂತೆ ಆ ಹುಡುಗನಿಗೆ," ಎಂದಳು ಸಿಗ್ನೆ.

ನೂರೆಂಬತ್ತು ವಿದ್ಯಾರ್ಥಿಗಳು ತಲೆ ತಗ್ಗಿಸಿ ಗಣಿತದ ಪರೀಕ್ಷೆ ಬರೆಯುತ್ತಿದ್ದರು. ಕಾವಲಿಗಿದ್ದವರು ಇವರಿಬ್ಬರೇ. ಮಿನ್ನಿಯಾಪೊಲಿಸ್‌ನ ಆ ಗಣಿತ ವಿಭಾಗದಲ್ಲಿ ಆರು ವರ್ಷದಿಂದ ಒಂದೇ ಕೋಣೆಯಲ್ಲಿ ಕೂತು ಪಿಎಚ್.ಡಿ. ಮಾಡುತ್ತಿದ್ದವರು. ಮೇ ತಿಂಗಳಿಗೆ ಇಬ್ಬರ ಸಂಬಳವೂ ನಿಲ್ಲುತ್ತಿತ್ತು. ವರ್ಮಾಂಟ್‌ನ ಒಂದು ವಿಶ್ವವಿದ್ಯಾಲಯ ರೂಬೆನ್‌ಗೆ ಮೂರು ವರ್ಷದ ಸಂಶೋಧಕನ ಕೆಲಸ ಕೊಡುತ್ತೇವೆಂದು ಹೇಳಿ, ಬರುತ್ತೀರೋ ಇಲ್ಲವೋ ಇವತ್ತು ಸಂಜೆ ಐದರೊಳಗೆ ತಿಳಿಸಿ ಎಂದಿತ್ತು. ಅವನು ಆಸೆಪಟ್ಟಿದ್ದ ಕ್ಯಾಲಿಫೋರ್ನಿಯಾದ ಕೆಲಸದ ಸುದ್ದಿ ಮಾತ್ರ ಇನ್ನೂ ಬಂದಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಆಗಲೇ ನಾಲ್ಕೂ ಇಪ್ಪತ್ತು.

ರೂಬೆನ್‌ಗೆ ಗೊತ್ತಿಲ್ಲದ್ದು ಒಂದಿತ್ತು. ಅದೇ ವರ್ಮಾಂಟ್‌ನವರು ಶುಕ್ರವಾರ ಸಿಗ್ನೆಗೂ ಬರೆದಿದ್ದರು: ಪಟ್ಟಿಯಲ್ಲಿ ನಿಮ್ಮದು ಎರಡನೆಯ ಹೆಸರು, ಮೊದಲನೆಯವರು ಬೇಡವೆಂದರೆ ಕೂಡಲೇ ಫೋನ್ ಮಾಡುತ್ತೇವೆ. ಮೊದಲನೆಯವರು ಯಾರೆಂದು ಅವರು ತಿಳಿಸಿರಲಿಲ್ಲ, ತಿಳಿಸಬೇಕಾಗಿಯೂ ಇರಲಿಲ್ಲ. ವರ್ಮಾಂಟ್‌ನಿಂದ ಕರೆ ಬಂತೆಂದು ಹಿಂದಿನ ವಾರವೇ ರೂಬೆನ್ ಕೋಣೆಗೆ ಒಂದು ಡಬ್ಬ ಡೋನಟ್ ತಂದು ಹಂಚಿದ್ದ. ಅವಳೂ ಎರಡು ತಿಂದಿದ್ದಳು. ನಲವತ್ತೊಂದು ಅರ್ಜಿ ಹಾಕಿದ್ದ ಅವಳಿಗೆ ಇನ್ನೂ ಮುಚ್ಚದೆ ಉಳಿದಿದ್ದ ಬಾಗಿಲು ಇದೊಂದೇ. ಅವನಿಗೆ ಹೇಳೋಣವೆಂದರೆ, ನನಗೆ ಬಿಟ್ಟುಕೊಡು ಎಂದು ಬೇಡಿದಂತಾಗುತ್ತದೆ. ಮೂರು ದಿನದಿಂದ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ. ಪರೀಕ್ಷೆಯ ಹಾಲ್‌ನಲ್ಲಿ ಯಾರೂ ಫೋನ್ ಮುಟ್ಟುವಂತಿಲ್ಲ, ಕಾವಲಿನವರು ಕೂಡ. ಅವಳದ್ದು ಸದ್ದು ಅಡಗಿಸಿಕೊಂಡು ಸ್ವೆಟರಿನ ಜೇಬಿನಲ್ಲಿತ್ತು.

ಮತ್ತೆ ಎದುರಾದರು. "ಕ್ಯಾಲಿಫೋರ್ನಿಯಾ ಪಟ್ಟೀಲಿ ನಾನು ಮೂರನೆಯವನಂತೆ," ಎಂದ ರೂಬೆನ್. "ಮೇಲಿನ ಇಬ್ಬರಲ್ಲಿ ಒಬ್ಬ ಬೋಸ್ಟನ್‌ಗೆ ಹೋಗ್ತಾನೆ ಅಂತ ಸುದ್ದಿ."

"ಇನ್ನೊಬ್ಬ?"

"ಅದೇ ಗೊತ್ತಾಗ್ತಿಲ್ಲ."

"ವರ್ಮಾಂಟ್‌ಗೆ ಏನಾಗಿದೆ?"

"ಏನೂ ಆಗಿಲ್ಲ ಕಣೇ. ಅಲ್ಲಿ ಹಸು ಜಾಸ್ತಿ, ಗಣಿತದವ್ರು ಕಮ್ಮಿ, ಅಷ್ಟೇ."

ಆ ಹಸುಗಳ ಜೊತೆಯಲ್ಲೇ ನಾನು ಮೂರು ವರ್ಷ ಸುಖವಾಗಿ ಇರುತ್ತಿದ್ದೆ ಎಂದುಕೊಂಡು ಸಿಗ್ನೆ ಮುಂದೆ ನಡೆದಳು. ನಾಲ್ಕೂ ನಲವತ್ತೆರಡಕ್ಕೆ ಅವನು ಅವಳಿಗಾಗಿಯೇ ಕಾದು ನಿಂತಿದ್ದ.

"ನನ್ನ ಗಣಿತ ನಿನಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ. ನೀನೇ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ."

ಅದು ಶುದ್ಧ ಸುಳ್ಳು. ಆರು ವರ್ಷದಲ್ಲಿ ಅವನು ಒಮ್ಮೆಯೂ ಅವಳು ಹೇಳಿದ ಹಾಗೆ ಮಾಡಿದವನಲ್ಲ. ಅಣಬೆ ಬೇಡ ಅಂದರೆ ಅಣಬೆಯ ಪಿಜ್ಜಾವನ್ನೇ ತರಿಸುವ ಆಸಾಮಿ. ಈ ದಾರಿಯಲ್ಲಿ ಹೋದರೆ ಪ್ರಮೇಯ ಸಿಗುವುದಿಲ್ಲ, ನಿನ್ನ ಕೈಲಾಗುವುದಿಲ್ಲ ಎಂದು ಅವಳು ಅಂದಿದ್ದಕ್ಕೇ ಹಟ ಹಿಡಿದು ಅದೇ ದಾರಿಯಲ್ಲಿ ನಾಲ್ಕು ತಿಂಗಳು ಅಲೆದು, ಬರಿಗೈಯಲ್ಲಿ ವಾಪಸು ಬಂದಿದ್ದ.

ಅವಳು ಒಂದು ಸಾಲು ಪೂರ್ತಿ ನಡೆದು ಬಂದು, "ವರ್ಮಾಂಟ್ ಒಪ್ಕೋ," ಎಂದಳು.

ಅದು ಪ್ರಾಮಾಣಿಕ ಸಲಹೆಯೇ. ಮೂರನೆಯ ಹೆಸರನ್ನು ನಂಬಿ ಕೈಯಲ್ಲಿದ್ದುದನ್ನು ಬಿಡು ಎಂದು ಬುದ್ಧಿ ನೆಟ್ಟಗಿರುವ ಯಾರೂ ಹೇಳುವುದಿಲ್ಲ. ಅವಳು ಅಷ್ಟಕ್ಕೇ ನಿಲ್ಲಿಸಬಹುದಿತ್ತು.

"ಕ್ಯಾಲಿಫೋರ್ನಿಯಾ ಎಲ್ಲ ನಮ್ಮಂಥೋರಿಗಲ್ಲ ರೂಬೆನ್."

ಅವನ ಕಿವಿ ಕೆಂಪಾಯಿತು. "ನಮ್ಮಂಥೋರು," ಎಂದ. ಕೈಯಲ್ಲಿದ್ದ ಖಾಲಿ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಫೋನ್ ತೆಗೆಯುತ್ತ ನೇರವಾಗಿ ಬಾಗಿಲಿನಿಂದ ಆಚೆ ಹೋದ.

ಹಿಂದೆಯೇ ಹೋಗಿ ತಡೆಯಬೇಕು ಅನ್ನಿಸಿತು ಸಿಗ್ನೆಗೆ. ಆದರೆ ನೂರೆಂಬತ್ತು ಜನರನ್ನು ಕಾವಲಿಲ್ಲದೆ ಬಿಟ್ಟು ಹೋಗಬಾರದು ಎಂಬ ನಿಯಮವಿತ್ತು. ಎಂದೂ ಅಷ್ಟಾಗಿ ನಿಯಮ ಪಾಲಿಸದ ಅವಳು ಅಂದು ಪಾಲಿಸಿದಳು. ತನ್ನನ್ನು ಅಲ್ಲಿ ನಿಲ್ಲಿಸಿದ್ದು ನಿಯಮವೋ ಆಸೆಯೋ ಎಂದು ಅವಳು ಕೇಳಿಕೊಳ್ಳಲಿಲ್ಲ.

ಅವನು ಹಿಂತಿರುಗಿದಾಗ ನಾಲ್ಕೂ ಐವತ್ತು.

"ಬರೆದುಬಿಟ್ಟೆ. ವರ್ಮಾಂಟ್ ಬೇಡ ಅಂತ."

"ರೂಬೆನ್..."

"ನೀನು ಹಾಗಂದು ರೋಷ ಬರಿಸ್ದೇ ಇದ್ದಿದ್ರೆ ನಂಗೆ ಧೈರ್ಯವೇ ಬರ್ತಿರ್ಲಿಲ್ಲ. ಒಳ್ಳೇದೇ ಮಾಡ್ದೆ." ಅವನು ನಗಲು ನೋಡಿದ. "ಆದ್ರೂ ಕೈಯಲ್ಲಿ ಈಗ ಏನೂ ಇಲ್ಲ ಕಣೇ. ಖಾಲಿ ಕೈ, ನೋಡು."

ಅವಳು ನೋಡಲಿಲ್ಲ. ಗಡಿಯಾರದ ಕಡೆ ನೋಡುತ್ತಿದ್ದಳು.

ಐದಕ್ಕೆ ಮೂರು ನಿಮಿಷ ಇರುವಾಗ ಜೇಬಿನಲ್ಲಿ ಫೋನ್ ಅದುರಿತು. ಆ ಮೌನದಲ್ಲಿ ಅದು ಮೂರು ಸಾಲಿಗೆ ಕೇಳಿಸಿತು. ಅವಳು ತೆಗೆದು ನೋಡಿ, ವರ್ಮಾಂಟ್‌ನ ನಂಬರು ಕಂಡು, ಪರದೆಯನ್ನು ಅಂಗೈಯಿಂದ ಮುಚ್ಚಿಕೊಂಡಳು.

"ನಿಂದಾ? ಹೋಗು, ಮಾತಾಡು," ಎಂದ ರೂಬೆನ್. "ಇಲ್ಲಿ ನಾನು ನೋಡ್ಕೋತೀನಿ. ನಮ್ಮಿಬ್ರಲ್ಲಿ ಒಬ್ರಿಗಾದ್ರೂ ಒಳ್ಳೇ ಸುದ್ದಿ ಬರಲಿ." ಅವಳಿಗಾಗಿ ತಾನೇ ಬಾಗಿಲು ಎಳೆದು ಹಿಡಿದ.

ಸಿಗ್ನೆ ಹೊಸ್ತಿಲು ದಾಟುತ್ತಿದ್ದಳು. ಹಿಂದಿನಿಂದ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದು ಅವಳ ಕಿವಿಗೆ ಬಿತ್ತು.

"ಸರ್, ಉತ್ತರ ಸರಿಯಾಗಿ ಬಂದಿದೆ. ಅಷ್ಟು ಸಾಕಲ್ವಾ?"

"ಸಾಲ್ದಮ್ಮ," ಎಂದ ರೂಬೆನ್. "ಹೇಗೆ ಬಂತು ಅಂತ ತೋರಿಸ್ಬೇಕು."