ಯಜಮಾನರು ಕೂತರೆ ಹೊಗೆ

ಹನೂರು ಇನ್ನು ಅರ್ಧ ಮೈಲಿ ಅನ್ನುವಾಗ ಕಾರಿನ ಹಿಂದೆ ಮತ್ತೆ ಕರೀ ಹೊಗೆ ಎದ್ದಿತು. ರಸ್ತೆ ಬದಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದ ಯಾತ್ರಿಕರು ಕೆಮ್ಮುತ್ತಾ ಹೊಲಕ್ಕಿಳಿದರು. ಮುಂದಿನ ಸೀಟಿನಲ್ಲಿ ಕೂತಿದ್ದ ಪುಟ್ಟಮಲ್ಲಪ್ಪನವರು ಹೊಗೆಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣೆಲ್ಲ ಡ್ರೈವರ್ ಮಾದಣ್ಣನ ಕಾಲ ಮೇಲೆ. ಕಳ್ಳ ನನ್ಮಗ, ಯಾವ ಗಳಿಗೆಯಲ್ಲಿ ಏನು ತುಳಿಯುತ್ತಾನೋ!

ಆರು ತಿಂಗಳಿಂದ ಇದೇ ಗೋಳು. ಒಂದು ದಿನ ಹೊಗೆ, ಒಂದು ದಿನ ಇಲ್ಲ, ಪೆಟ್ರೋಲು ಮಾತ್ರ ನೀರಿನ ಹಾಗೆ ಹೋಗುತ್ತಿತ್ತು. ಪುಟ್ಟಮಲ್ಲಪ್ಪನವರಿಗೆ ಕಾರು ಓಡಿಸಲು ಬಾರದು; ಗುಮಾನಿ ಪಡುವುದನ್ನು ಮಾತ್ರ ಯಾರೂ ಕಲಿಸಬೇಕಿರಲಿಲ್ಲ. ಇವನು ಪೆಟ್ರೋಲು ಕದ್ದು ಮಾರುತ್ತಾನೆ, ಇಂಜಿನ್ನೇ ಕುಡಿಯಿತು ಅಂತ ತೋರಿಸಲು ನಾನು ಕೂತಾಗ ಬೇಕಂತಲೇ ಹೊಗೆ ಎಬ್ಬಿಸುತ್ತಾನೆ ಅಂತ ತೀರ್ಮಾನಿಸಿದರು. ಟ್ಯಾಂಕಿಗೆ ಬೀಗ ಜಡಿಸಿ ಕೀಲಿಕೈಯನ್ನು ತಮ್ಮ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರು. ಆಮೇಲೆ ಸ್ಪ್ಯಾನರುಗಳನ್ನೂ ಮಾರಿಕೊಂಡಾನು ಅಂತ ಅವೂ ಚೀಲಕ್ಕೆ ಹೋದವು. ಸುತ್ತಿಗೆ, ಬಿಡಿ ಪ್ಲಗ್ಗು, ಎಲ್ಲವೂ ಚೀಲಕ್ಕೇ. ಅಷ್ಟಾದರೂ ಹೊಗೆ ತಗ್ಗುವುದಿರಲಿ, ಇನ್ನೂ ಹೆಚ್ಚಿತು. ಕದಿಯಲಾಗದ ಹೊಟ್ಟೆಕಿಚ್ಚಿಗೆ ಈಗ ಸುಡುತ್ತಿದ್ದಾನೆ, ಅಷ್ಟೇ!

ತಮ್ಮೂರು ಮುಳ್ಳೂರಿನ ಜಗಲಿಯ ಮೇಲೆ ಹತ್ತು ಜನರೆದುರು ಹಾಗೇ ಅಂದೂ ಬಿಟ್ಟಿದ್ದರು. ಎಂಟು ವರ್ಷದಿಂದ ಸ್ಟೇರಿಂಗು ಹಿಡಿದಿದ್ದ ಮಾದಣ್ಣ ಅವತ್ತಿಂದ ಊರೊಳಗೆ ತಲೆಯೆತ್ತಿ ನಡೆದಿರಲಿಲ್ಲ. ಇವತ್ತು ಅವನನ್ನು ಬೆಟ್ಟಕ್ಕೆ ಕರೆದೊಯ್ದು ಮಾದಪ್ಪನ ಮುಂದೆ ಕರ್ಪೂರ ಹಚ್ಚಿಸಿ ಆಣೆ ಮಾಡಿಸುವುದು. ನಾಲಗೆ ಒಂಚೂರು ತೊದಲಿದರೂ ಕೆಲಸ ಹೋಯಿತು. ಕರ್ಪೂರದ ಪೊಟ್ಟಣವೂ ಚೀಲದಲ್ಲೇ ಇತ್ತು.

ಹನೂರಿಗೆ ಬರುವಷ್ಟರಲ್ಲಿ ಇಂಜಿನ್ನು ಕೆಮ್ಮಿ ಕೆಮ್ಮಿ ನಿಂತೇ ಹೋಯಿತು. ನಿಂತದ್ದು ಸದ್ಯ ಮೆಕ್ಯಾನಿಕ್ ಗೋವಿಂದಯ್ಯನ ಶೆಡ್ಡಿನ ಹತ್ತಿರ. ಅವನು ಬಾನೆಟ್ ಎತ್ತಿ ಪ್ಲಗ್ಗು ಬಿಚ್ಚಿದ. ಒಳ್ಳೇ ಕಾಡಿಗೆ ಬಳಿದ ಹಾಗಿತ್ತು. ಒರೆಸಿ ಹಾಕಿ, ಮಾದಣ್ಣನನ್ನು ಪಕ್ಕಕ್ಕೆ ಕೂರಿಸಿಕೊಂಡು ತಾನೇ ಎರಡು ಮೈಲಿ ಓಡಿಸಿಕೊಂಡು ಬಂದ. ಪುಟ್ಟಮಲ್ಲಪ್ಪನವರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕಾದರು. ಹೊಗೆಯ ಸುಳಿವೇ ಇರಲಿಲ್ಲ.

"ನೋಡ್ದಾ? ನಾನ್ ಕೂತ್ರೆ ಮಾತ್ರ ಒಗೆ!" ಪುಟ್ಟಮಲ್ಲಪ್ಪನವರು ಎದ್ದು ನಿಂತರು. "ಏನ್ಲಾ ಮಾದ, ಇವುನ್ನೂ ನಿನ್ ಕಡೆ ಮಾಡ್ಕಂಡಾ?"

ಮಾದಣ್ಣ ನೆಲ ನೋಡುತ್ತಾ ನಿಂತ. ಗೋವಿಂದಯ್ಯನಿಗೆ ರೇಗಿತು. "ಅಂಗಾದ್ರೆ ಒಂದ್ ಕೆಲ್ಸ ಮಾಡಮಾ ಯಜಮಾನ್ರೇ. ಅವ್ನು ಇಲ್ಲೇ ಇರ್ಲಿ. ನಾನ್ ಓಡುಸ್ತೀನಿ, ನೀವ್ ಕೂತ್ಕಳಿ."

ಪುಟ್ಟಮಲ್ಲಪ್ಪನವರು ಹತ್ತಿ ಕೂತು, ಎಂದಿನಂತೆ ಚೀಲದ ಹಿಡಿಯನ್ನು ಸ್ಟೇರಿಂಗು ಪಕ್ಕದ ಹಲಗೆಯ ಗುಂಡನೆಯ ಗುಬಟಿಗೆ ನೇತು ಹಾಕಿದರು. ಹಳ್ಳ ದಿಣ್ಣೆಯ ರಸ್ತೆ. ಒಂದು ಮೈಲಿ ಸುಮ್ಮನಿದ್ದ ಕಾರು ಆಮೇಲೆ ಗುಡುಗುಡು ಅಂದಿತು. ಹಿಂದೆ ನೋಡಿದರೆ ರಸ್ತೆಯೇ ಕಾಣದಷ್ಟು ಕಪ್ಪು. ಮಾದಣ್ಣನ ಕಾಲು ಶೆಡ್ಡಿನ ಹತ್ತಿರವೇ ಇತ್ತಲ್ಲ!

ಗೋವಿಂದಯ್ಯ ಕಾರು ನಿಲ್ಲಿಸಿ ಚೀಲಕ್ಕೆ ಕೈ ಹಾಕಿದ.

"ಏಯ್, ಚೀಲ ಮುಟ್ಬ್ಯಾಡ ಕಣ್ಲಾ! ಮಾದನ್ಗೂ ಮುಟ್ಟಕ್ ಬುಟ್ಟೋನಲ್ಲ ನಾನು."

"ಅಬ್ಬಬ್ಬಾ! ಏನ್ ಕಲ್ಲು ತುಂಬಿದ್ದೀರಾ ಇದ್ಕೆ?" ಗೋವಿಂದಯ್ಯ ಚೀಲವನ್ನು ಎತ್ತಿಯೇ ಬಿಟ್ಟ. ಅದರ ಹಿಂದೆ ಗುಬಟು ಅರ್ಧ ಬೆರಳುದ್ದ ಈಚೆ ಬಂದಿತ್ತು. "ಇದು ಚೋಕು. ಬೆಳಿಗ್ಗೆ ಇಂಜಿನ್ ಏಳ್ಲಿ ಅಂತ ಎಳೀತೀವಿ, ಎದ್ದ್ ಮ್ಯಾಲೆ ಒಳಕ್ ತಳ್ತೀವಿ. ಆಗ್ಲೇ ನಾನೇ ತಳ್ಳಿದ್ದೆ. ನಿಮ್ ಚೀಲ ಎಳ್ಕಂಡ್ ಎಳ್ಕಂಡು ಗಾಳಿ ಮುಚ್ತದೆ, ಇಂಜಿನ್ಗೆ ಬರೀ ಪೆಟ್ರೋಲ್ ಕುಡುಸ್ತದೆ. ಚೀಲ ತೂಕ ಆದಷ್ಟೂ ಒಗೆ ಜಾಸ್ತಿ."

ಗುಬಟನ್ನು ಒಳಕ್ಕೆ ತಳ್ಳಿದ. ಹೊಗೆ ನಿಂತಿತು.

ವಾಪಸು ಬರುವಾಗ ಪುಟ್ಟಮಲ್ಲಪ್ಪನವರು ಚೀಲವನ್ನು ಗುಬಟಿಗೆ ಹಾಕಲಿಲ್ಲ. ಚೀಲ ಮಡಿಲಲ್ಲಿ ಭಾರವಾಗಿ ಕೂತಿತ್ತು. ಅವರಿಗೆ ನಾಚಿಕೆಯಾಗಿತ್ತು, ಆದರೆ ಆಳಿನ ಮುಂದೆ ನಾಚಿಕೆ ತೋರಿಸಿ ಅಭ್ಯಾಸವಿರಲಿಲ್ಲ. ಗೋವಿಂದಯ್ಯ ಇಳಿದು ನಡೆದದ್ದನ್ನೆಲ್ಲ ಮಾದಣ್ಣನಿಗೆ ಹೇಳಿದ.

"ಆಗಿದ್ದಾಯ್ತು ಬುಡ್ಲಾ ಮಾದ," ಅಂದರು ಪುಟ್ಟಮಲ್ಲಪ್ಪನವರು, ಸೀಟಿನಿಂದ ಏಳದೆ. "ಊರ್ ಕಡೀಕೆ ತಿರುಗ್ಸು. ಆಣೆ ಗೀಣೆ ಏನೂ ಬ್ಯಾಡ."

"ನಿಮ್ಗೆ ಬ್ಯಾಡ ಯಜಮಾನ್ರೇ. ನಂಗ್ ಬೇಕು," ಅಂದ ಮಾದಣ್ಣ. ಅವತ್ತು ಅವನು ತಲೆಯೆತ್ತಿ ಆಡಿದ ಮೊದಲ ಮಾತು ಅದು. "ಜಗಲಿ ಮ್ಯಾಲೆ ಕೂತಿದ್ದ ಅಷ್ಟ್ ಜನ್ಕೂ ಗೊತ್ತಾಗ್ಬೇಕಲ್ಲ. ಕರ್ಪೂರ ಕೊಡಿ."

ಪುಟ್ಟಮಲ್ಲಪ್ಪನವರು ಸ್ಪ್ಯಾನರುಗಳ ನಡುವೆ ತಡಕಿ ಪೊಟ್ಟಣ ತೆಗೆದುಕೊಟ್ಟರು. ಮಾದಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡ. ಕಿಟಕಿಯೊಳಗೆ ಕೈ ಹಾಕಿ ಕಾರಿನ ಕೀಲಿಕೈ ಕಿತ್ತು ಅವರ ಮುಂದೆ ಹಿಡಿದ.

"ಇದೊಂದು ಆಚೆ ಉಳ್ಕಂಡಿತ್ತು. ಇದ್ನೂ ನಿಮ್ ಚೀಲಕ್ಕೇ ಆಕ್ಕಳಿ."

ಹೊಗೆ ಕುಡಿದು ಹಿಂದುಳಿದಿದ್ದ ಯಾತ್ರಿಕರು ಅಷ್ಟರಲ್ಲಿ ಶೆಡ್ಡಿನ ಮುಂದೆ ಹಾದು ಹೋಗುತ್ತಿದ್ದರು. ಮಾದಣ್ಣ ಅವರ ಜೊತೆ ಸೇರಿಕೊಂಡು ಬೆಟ್ಟದ ದಾರಿ ಹಿಡಿದ. ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

ಪುಟ್ಟಮಲ್ಲಪ್ಪನವರು ಮಡಿಲಲ್ಲಿ ಚೀಲ, ಅಂಗೈಯಲ್ಲಿ ಕೀಲಿಕೈ ಹಿಡಿದು ಪಕ್ಕದ ಖಾಲಿ ಸೀಟನ್ನೇ ನೋಡುತ್ತಾ ಕೂತರು. ಗೋವಿಂದಯ್ಯ ಚಿಂದಿಯಲ್ಲಿ ಕೈ ಒರೆಸಿಕೊಂಡ.

"ಗಾಡಿ ಈಗ ಸರಿಯಾಗಿ ಅದೆ ಯಜಮಾನ್ರೇ," ಅಂದ. "ಎಲ್ಗ್ ಬೇಕಾದ್ರೂ ತಕಂಡ್ ಓಗ್ಬೋದು."