ಹದಿನೇಳನೆಯ ಧಾಟಿ

ಹೊಸ ರಾಷ್ಟ್ರಗೀತೆಗಾಗಿ ಬಂದ ನಲವತ್ತು ಧಾಟಿಗಳಲ್ಲಿ ಅಧ್ಯಕ್ಷರಿಗೆ ಹಿಡಿಸಿದ್ದು ಹದಿನೇಳನೆಯದು. ಸ್ಪರ್ಧೆಯ ನಿಯಮದಂತೆ ಯಾವುದಕ್ಕೂ ಕಟ್ಟಿದವರ ಹೆಸರಿರಲಿಲ್ಲ, ಬರೀ ಸಂಖ್ಯೆ ಇತ್ತು. ಎಲ್ಲವನ್ನೂ ಹಾರ್ಮೋನಿಯಂನಲ್ಲಿ ನುಡಿಸಿ ತೋರಿಸಿದ್ದ ಸಂಗೀತ ಶಿಕ್ಷಕಿ, ವಿದೇಶಿ ರಾಯಭಾರಿಗಳ ಎದುರು ಅಧ್ಯಕ್ಷರು ರಾಷ್ಟ್ರಗೀತೆಯ ಕಾನೂನಿಗೆ ಸಹಿ ಹಾಕುವವರೆಗೂ ಕಣ್ಣು ಕೀಳದೆ ನೋಡುತ್ತಿದ್ದಳು.

"ಇದು ಮೊಳಗಿದಾಗ ಎದ್ದು ನಿಲ್ಲದವರಿಗೆ ಮೂರು ವರ್ಷ ಜೈಲು," ಎಂದು ಅಧ್ಯಕ್ಷರು ನಕ್ಕರು. "ಮಂಡಿನೋವಿನ ನಮ್ಮ ಮಾವನನ್ನೂ ಬಿಡುವುದಿಲ್ಲ."

"ತಮಗೂ ಅನ್ವಯಿಸುತ್ತದಾ, ಸ್ವಾಮಿ?" ಎಂದಳು ಶಿಕ್ಷಕಿ.

"ಮೊದಲು ನನಗೇ! ಅದಿರಲಿ, ಸಹಿ ಆಯಿತಲ್ಲ, ಈಗ ಹೇಳಬಹುದು. ಇದನ್ನು ಕಟ್ಟಿದವರು ಯಾರಮ್ಮ?"

"ನನ್ನ ಮಗ. ನಾನು ರೊಟ್ಟಿ ತಟ್ಟುವಾಗ ಒಲೆಯ ಪಕ್ಕ ಕೂತು ಗುನುಗಿಕೊಂಡೇ ಕಟ್ಟಿದ."

"ಭಲೇ! ಕರೆಸಿ ಅವನನ್ನು. ಪದಕವನ್ನು ನಾನೇ ತೊಡಿಸುತ್ತೇನೆ."

ಅಂಗಳದಲ್ಲಿ ಬ್ಯಾಂಡಿನವರು ವಾದ್ಯಗಳನ್ನು ಎತ್ತಿಕೊಂಡರು. ರಾಯಭಾರಿಗಳೆಲ್ಲ ಎದ್ದರು. ಶಿಕ್ಷಕಿಯೂ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅವನು ಬರಲಾರ ಸ್ವಾಮಿ. ಹೋದ ವರ್ಷ ನಿಮ್ಮ ಅಪ್ಪಣೆಯಂತೆ ಇದೇ ಅಂಗಳದಲ್ಲಿ ನಿಲ್ಲಿಸಿ ಗುಂಡಿಕ್ಕಿದರು. ಏಳಿ, ಅವನ ಹಾಡು ಶುರುವಾಯಿತು."